ನಾಲ್ಕನೇ ಪ್ರಶ್ನೆಗೆ ಬಿಟ್ಟ ಜಾಗ

ಮೂಗು ಕೂರುವ ಜಾಗದಲ್ಲಿ ರಬ್ಬರು ಒಳಕ್ಕೆ ಮಡಚಿಕೊಂಡಿರುತ್ತದೆ. ಅಣೆಕಟ್ಟಿನ ಕೆಸರೆಲ್ಲ ಬಂದು ಸೇರುವುದು ಅಲ್ಲೇ. ಬೆರಳಿಗೆ ಹಳೇ ಪಂಚೆಯ ಚೂರು ಸುತ್ತಿ ಆ ಮಡಿಕೆಯೊಳಗೆ ತೂರಿಸಿ, ಅಂಟುವಾಳದ ನೊರೆಯಲ್ಲಿ ಮೂರನೇ ಸಲ ಉಜ್ಜುತ್ತಿದ್ದೆ. ಮೊದಲೆರಡು ಸಲ ಹೋಗಿರಲಿಲ್ಲ. ಈ ಸಲವೂ ಹೋಗುವ ಹಾಗೆ ಕಾಣಲಿಲ್ಲ.

ಅದು ಹಣೆಯಿಂದ ಗಲ್ಲದವರೆಗೆ ಇಡೀ ಮುಖ ಮುಚ್ಚುವ ಮಾಸ್ಕು. ಮುಂದೆ ಗಾಜು, ಕೆನ್ನೆಯ ಹತ್ತಿರ ಬಟ್ಟಲಿನಷ್ಟು ಅಗಲದ ಹಿತ್ತಾಳೆ ಡಬ್ಬಿ. ಆ ಡಬ್ಬಿಗೆ ರೆಗ್ಯುಲೇಟರ್ ಅನ್ನುತ್ತಾರೆ. ಒಳಗಿನ ಮನುಷ್ಯ ಉಸಿರೆಳೆದರೆ ಗಾಳಿ ಬಿಡುತ್ತದೆ, ಎಳೆಯುವುದು ನಿಲ್ಲಿಸಿದರೆ ಮುಚ್ಚಿಕೊಳ್ಳುತ್ತದೆ. ಡಬ್ಬಿಗೆ ಗಾಳಿ ಬರುವುದು ಉದ್ದನೆಯ ಕಪ್ಪು ಪೈಪಿನಿಂದ. ಪೈಪಿಗೆ ಬರುವುದು, ಡ್ರಮ್ಮು ಕಟ್ಟಿ ನೀರಿನ ಮೇಲೆ ತೇಲಿಸಿದ ಹಲಗೆಯ ಮೇಲಿರುವ ಕಂಪ್ರೆಸರಿನಿಂದ. ಈ ಮಾಸ್ಕು ಹಾಕಿಕೊಂಡು ನನ್ನ ಅಳಿಯ ಕುಪ್ಪಸ್ವಾಮಿ ದಿನಕ್ಕೆ ಎರಡು ಸಲ ಅಣೆಯ ತೂಬಿನ ಬಾಯಿಗೆ ಇಳಿಯುತ್ತಿದ್ದ. ತೂಬಿನ ಕಬ್ಬಿಣದ ಜಾಲರಿಗೆ ಸಿಕ್ಕಿಕೊಂಡ ದಿಮ್ಮಿ, ಬೇರು, ಹರಿದ ಬಲೆ ಕತ್ತರಿಸಿ ತೆಗೆಯುವುದು ಅವನ ಕೆಲಸ. ಅವನು ಮೇಲೆ ಬಂದ ಮೇಲೆ ಮಾಸ್ಕು ತೊಳೆದು ನೆರಳಿನಲ್ಲಿ ಒಣಗಿಸುವುದು ನನ್ನ ಕೆಲಸ.

ತೊಳೆದಾದ ಮೇಲೆ, ಯಾರೂ ಹೇಳದೆ ನಾನಾಗಿ ಹಚ್ಚಿಕೊಂಡ ಇನ್ನೊಂದು ಕೆಲಸವಿತ್ತು. ಪೈಪು ಸೇರುವ ಕೊರಳಿಗೆ ಬಾಯಿಟ್ಟು ಊದುತ್ತಿದ್ದೆ. ಗಾಳಿ ಒಳಗೆ ಹೋಗಬೇಕು. ಆಮೇಲೆ ಅಲ್ಲೇ ಹಿಂದಕ್ಕೆ ಹೀರುತ್ತಿದ್ದೆ, ಒಂದಿಷ್ಟೂ ಬರಬಾರದು. ಮೇಲೆ ಎಲ್ಲಾದರೂ ಪೈಪು ಹರಿದರೆ ಮಾಸ್ಕಿನೊಳಗಿನ ಗಾಳಿ ವಾಪಸು ಓಡಿಹೋಗದಂತೆ ಅಲ್ಲೊಂದು ಪುಟ್ಟ ರಬ್ಬರಿನ ಬಾಗಿಲಿದೆ. ಹಾಗೆ ಹೀರುತ್ತಿರುವಾಗಲೇ ಕಂಟ್ರಾಕ್ಟರ್ ಪಳನಿಯಪ್ಪನ್ ಶೆಡ್ಡಿನೊಳಗೆ ಬಂದ. ಹೆಗಲ ಮೇಲೆ ಹೊಸ ಪೈಪಿನ ಸುರುಳಿ.

“ಎನ್ನ ಪಾಟಿ, ಇಷ್ಟು ದೊಡ್ಡ ಬೀಡೀನಾ?” ಅಂದ. ಅವನ ತಮಿಳಿನಲ್ಲಿ ನಾನು ಪಾಟಿ, ಅಜ್ಜಿ.

“ಬಾಗ್ಲು ಸರ್ಯಾಗಿ ಮುಚ್ತದಾ ಅಂತ ನೋಡ್ತಾ ಇವ್ನಿ.”

“ಮುಚ್ಚುತ್ತೆ, ಮುಚ್ಚುತ್ತೆ. ಎಂಟು ತಿಂಗಳಿಂದ ನನ್ನ ತಲೆ ತಿಂದೆಯಲ್ಲ, ಇನ್ನೊಂದು ಗಾಳಿ ಬೇಕು, ಇನ್ನೊಂದು ಗಾಳಿ ಬೇಕು ಅಂತ. ಇಂದಾ, ತಗೋ. ಎರಡನೇ ಪೈಪು. ಇನ್ನಾದರೂ ಸುಮ್ಮನಿರು.”

ಪೈಪಿನ ತುದಿ ಹಿಡಿದು ನೋಡಿದೆ. ಹೊಸದೇ.

“ಇದ್ರ ಆ ಕಡೆ ತುದಿ ಎಲ್ಲಿಗೆ ಸೇರ್ತದೆ?”

“ಕಂಪ್ರೆಸರಿಗೆ. ಬೇರೆ ಎಲ್ಲಿಗೆ?”

“ಮೊದಲ್ನೇ ಪೈಪು?”

“ಅದೂ ಕಂಪ್ರೆಸರಿಗೆ.”

“ಒಂದೇ ಮೇಕೆ, ಎರಡು ಮೊಲೆ,” ಅಂದೆ. “ಮೇಕೆ ಬಿದ್ದೋದ್ರೆ ಎರಡನೇ ಮೊಲೇಲಿ ಆಲು ಬರ್ತದಾ ಸಾಮಿ?”

ಅವನು ನಕ್ಕುಬಿಟ್ಟ. ಅವನ ಹತ್ತಿರ ಬೈಸಿಕೊಳ್ಳುವುದಾದರೂ ಸಹಿಸಬಹುದಿತ್ತು, ಈ ನಗು ಆಗುತ್ತಿರಲಿಲ್ಲ.

“ಹೊಗೆನಕಲ್ ಆಳುಗಳಿಗೆ ಇದೇ ಜಾಸ್ತಿ ಪಾಟಿ. ಬೇರೆಯವರನ್ನ ಬಿಟ್ಟು ನಿಮ್ಮವರನ್ನೇ ಯಾಕೆ ಕರೆಸಿದ್ದು? ಮೂರು ನಿಮಿಷ ದಮ್ಮು ಕಟ್ಟೋ ಜನ. ಗಾಳಿ ನಿಂತರೆ ಮಾಸ್ಕು ಕಿತ್ತು ದಮ್ಮು ಕಟ್ಟಿಕೊಂಡು ಮೇಲೆ ಬರ್ತಾನೆ. ಅಷ್ಟೇ.”

ಪೈಪನ್ನು ಅಲ್ಲೇ ಎಸೆದು ಹೋದ. ನನ್ನ ತಮ್ಮ ಪುಟ್ಟಪ್ಪ ಸತ್ತದ್ದು ಅವನು ಹೇಳಿದ ಹಾಗೆಯೇ ಮಾಡಿ.

ನಮ್ಮ ಮನೆತನದ ಗಂಡಸರು ಹೊಗೆನಕಲ್ಲಿನಲ್ಲಿ ಹರಿಗೋಲು, ಅಲ್ಲಿಯವರ ಮಾತಿನಲ್ಲಿ ಪರಿಸಲ್, ಹಾಕುವವರು. ಬಂಡೆ ಸಂದಿಯಲ್ಲಿ ಬಲೆ ಸಿಕ್ಕಿಕೊಂಡರೆ, ಬಂದವರ ಒಡವೆ ಮಡುವಿಗೆ ಬಿದ್ದರೆ, ಹೆಣ ಸಿಗದಿದ್ದರೆ ಇವರನ್ನೇ ಕರೆಯುವುದು. ಗಂಡುಮಕ್ಕಳಿಗೆ ಹತ್ತು ವರ್ಷ ತುಂಬಿದರೆ ಮಡುವಿನಲ್ಲಿ ಮುಳುಗಿಸಿ ದಡದಲ್ಲಿ ಹಿರಿಯನೊಬ್ಬ ವೀಳ್ಯದೆಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ, ಅಗಿದು ಉಗುಳುತ್ತಾನೆ. ಅಲ್ಲಿಯವರೆಗೆ ತಲೆಯೆತ್ತದಿದ್ದರೆ ಒಂದು ಎಲೆಯ ದಮ್ಮು. ಪುಟ್ಟಪ್ಪನದು ಎರಡು ಎಲೆಯ ದಮ್ಮು. ಕುಪ್ಪಸ್ವಾಮಿಯದೂ ಎರಡು. ಅದನ್ನು ನೋಡಿಯೇ ನನ್ನ ಮಗಳು ಯಲ್ಲಮ್ಮನನ್ನು ಅವನಿಗೆ ಕೊಟ್ಟದ್ದು.

ಎಪ್ಪತ್ಮೂರನೇ ಇಸವಿ ಮಾಸಿ ತಿಂಗಳಲ್ಲಿ, ಶಿವರಾತ್ರಿ ಹೊತ್ತಿಗೆ, ಕಂಪ್ರೆಸರಿನ ಬೆಲ್ಟು ಹರಿಯಿತು. ಪುಟ್ಟಪ್ಪ ಎಪ್ಪತ್ತು ಅಡಿ ಕೆಳಗಿದ್ದ. ಮಾಸ್ಕು ಕಿತ್ತು, ಇದ್ದ ಗಾಳಿಯನ್ನು ಎದೆಯಲ್ಲಿ ಕಟ್ಟಿ, ತುಟಿ ಬಿಗಿದು, ಹುಟ್ಟಿದಾಗಿನಿಂದ ಬಂದಂತೆ ಮೇಲಕ್ಕೆ ಬಂದ. ಹಲಗೆಯ ಅಂಚು ಹಿಡಿದು ನಕ್ಕ. “ಎಲೆ ಕೊಡ್ರೋ, ಇನ್ನೂ ಅರ್ಧ ಎಲೆ ದಮ್ಮು ಐತೆ” ಅಂದ. ಕುಪ್ಪಸ್ವಾಮಿ ಎಲೆಗೆ ಸುಣ್ಣ ಹಚ್ಚಿಕೊಟ್ಟ. ಪುಟ್ಟಪ್ಪನ ಬಾಯಲ್ಲಿ ಕೆಂಪು ನೊರೆ ಬಂತು. ಎಲೆಯ ರಸ ಅಂದುಕೊಂಡರಂತೆ ಎಲ್ಲರೂ. ಎಲೆ ಇನ್ನೂ ಕೈಯಲ್ಲೇ ಇತ್ತು.

ಗಂಗಮ್ಮ ಹಿಡಿದಳು ಅಂದರು ಕೆಲವರು. ಎದೆ ನಿಂತಿತು ಅಂದ ಪಳನಿಯಪ್ಪನ್. ದಮ್ಮು ಸಾಲಲಿಲ್ಲ ಅಂದ ಕುಪ್ಪಸ್ವಾಮಿ. ನಿಜ ಹೇಳಿದವನು ಮೇಸ್ತ್ರಿ ನಾರಾಯಣಪ್ಪ ಒಬ್ಬನೇ. ಡೆಂಕಣಿಕೋಟೆ ಕಡೆಯವನು, ನೌಕಾಪಡೆಯಲ್ಲಿ ಮುಳುಗುವ ಕೆಲಸ ಮಾಡಿ ಬಂದವನು.

“ಅಕ್ಕಾ, ದಮ್ಮು ಸಾಲದೆ ಅಲ್ಲ, ದಮ್ಮು ಕಟ್ಟಿದ್ದರಿಂದಲೇ ಸತ್ತ. ದಡದಲ್ಲಿ ದಮ್ಮು ಕಟ್ಟಿ ಇಳಿದರೆ ಎದೇಲಿರೋದು ದಡದ ಗಾಳಿ. ಮೇಲೆ ಬಂದಾಗ ಮೊದಲಿದ್ದಷ್ಟೇ ಆಗುತ್ತೆ. ಪೈಪಿಂದು ಹಾಗಲ್ಲ. ಕೆಳಗಿನ ನೀರಿನ ಭಾರಕ್ಕೆ ಸಮನಾಗಿ ಅದುಮಿ ಕೊಟ್ಟ ಗಾಳಿ. ಎಪ್ಪತ್ತಡಿಯಿಂದ ಮೇಲೆ ಬರೋದರೊಳಗೆ ಮೂರರಷ್ಟು ಉಬ್ಬುತ್ತೆ. ಹೊರಗೆ ಬಿಡ್ತಾ ಬಿಡ್ತಾ ಬರಬೇಕು. ತುಟಿ ಬಿಗಿದರೆ ಒಳಗೇ ಹರಿಯುತ್ತೆ.”

ಎರಡನೇ ಗಾಳಿ ಇಲ್ಲದೆ ಇನ್ನು ಯಾರನ್ನೂ ಇಳಿಸುವುದಿಲ್ಲ ಅಂದದ್ದಕ್ಕೆ ಕಂಟ್ರಾಕ್ಟರು ನಾರಾಯಣಪ್ಪನನ್ನು ಕಳಿಸಿಬಿಟ್ಟ. ಅವನು ಕೊಚ್ಚಿಯಲ್ಲಿ ಹಡಗು ರಿಪೇರಿ ಮಾಡುವ ಕಡೆ ಸೇರಿಕೊಂಡ. ಹೋಗುವ ದಿನ ಬಸ್ಸಿಗೆ ಕಾಯುತ್ತ ಹುಣಸೆಮರದಡಿ ಕೂತು ನನಗೆ ಎಲ್ಲ ಬಿಡಿಸಿ ಹೇಳಿದ. ಬಾಯಲ್ಲಿ ಕಚ್ಚುವ ಸಲಕರಣೆಯಾದರೆ ಒಂದನ್ನು ಉಗುಳಿ ಇನ್ನೊಂದನ್ನು ಕಚ್ಚಬಹುದು. ಇಡೀ ಮುಖದ ಮಾಸ್ಕಿನಲ್ಲಿ ಅದಾಗದು. ತೆಗೆದರೆ ಕಣ್ಣು ಮೂಗು ಬಾಯಿ ಎಲ್ಲ ಒಟ್ಟಿಗೆ ನೀರಿಗೆ. ಅದಕ್ಕೇ ಎರಡನೇ ಗಾಳಿ ಮಾಸ್ಕಿನೊಳಕ್ಕೇ ಬರಬೇಕು. ಬೆನ್ನಿಗೆ ಒಂದು ಚಿಕ್ಕ ಸಿಲಿಂಡರ್, ಅದರ ತಲೆಗೆ ಅದರದೇ ರೆಗ್ಯುಲೇಟರ್, ಅಲ್ಲಿಂದ ಗಿಡ್ಡನೆಯ ಪೈಪು, ಮಾಸ್ಕಿನ ಪಕ್ಕದಲ್ಲಿ ಒಂದು ನಲ್ಲಿ. ಮೇಲಿನ ಗಾಳಿ ನಿಂತರೆ ನಲ್ಲಿ ತಿರುಗಿಸಿ ಉಸಿರಾಡುತ್ತಲೇ ಬರಬಹುದು. ದಮ್ಮು ಕಟ್ಟುವ ಮಾತೇ ಇಲ್ಲ.

“ಸಿಲಿಂಡರ್ ತಲೆಗೆ ಹಾಕೋ ರೆಗ್ಯುಲೇಟರ್ ನನ್ನ ಹತ್ರ ಎರಡಿದೆ ಅಕ್ಕಾ. ಹಳೇವು, ನಾನೇ ಬಿಚ್ಚಿ ಸರಿ ಮಾಡಿದ್ದು. ಒಂದು ಸಾದಾ. ಕೆಡೋದೇ ಇಲ್ಲ, ಆದರೆ ಸಿಲಿಂಡರ್ ಬರಿದಾಗ್ತಾ ಬಂದಂತೆ ಉಸಿರು ಬಿಗಿ, ಆಳಕ್ಕೆ ಹೋದಷ್ಟೂ ಇನ್ನೂ ಬಿಗಿ. ಇನ್ನೊಂದು ಕಡೇ ಉಸಿರಿನವರೆಗೂ ಒಂದೇ ಸಮ ಬಿಡುತ್ತೆ. ಆದರೆ ಒಳಗೆ ಕೆಸರು ಕೂತರೆ ತಾನಾಗೇ ಸುರಿಯೋಕೆ ಶುರು. ಯಾವುದು ಕಳಿಸಲಿ ಅನ್ನೋದನ್ನ ನೀನೇ ಯೋಚಿಸಿ ಬರಿ. ಕಂಟ್ರಾಕ್ಟರು ಕೊಡದಿದ್ದರೆ ಸಿಲಿಂಡರೂ ನಾನೇ ಕಳಿಸ್ತೀನಿ. ಜೊತೆಗೆ ನಾಲ್ಕು ವಿಷಯ ಬೇಕು. ಎಷ್ಟು ಆಳ. ಮಾಸ್ಕಿನ ಎರಡೂ ಪಕ್ಕ ಬಿರಡೆ ಹಾಕಿದ ತೂತಿದೆಯಲ್ಲ, ಅದರ ಅಳತೆ. ನಲ್ಲಿ ಯಾವ ಕೈಗೆ. ನಾಲ್ಕನೇದು, ಇಳಿಯೋನು ಒಪ್ಪಿದಾನಾ ಇಲ್ಲವಾ. ಒಪ್ಪದೆ ಕಳಿಸಿದರೆ ಅಟ್ಟದ ಮೇಲೆ ಕೂರುತ್ತೆ. ಇಲ್ಲಾ ಅಂದರೆ ಬೆನ್ನ ಮೇಲೆ ಗಾಳಿ ಇಟ್ಕೊಂಡೇ ದಮ್ಮು ಕಟ್ಟಿ ಬರ್ತಾನೆ. ಅವನ ಬಾಯಿಂದಲೇ ಬರಬೇಕು.”

ಪೆನ್ನಾಗರದ ರಾತ್ರಿ ಶಾಲೆಯಲ್ಲಿ ಐವತ್ತು ದಾಟಿದ ಮೇಲೆ ಕಲಿತ ಅಕ್ಷರ ನನ್ನದು. ಆ ಇನ್‌ಲ್ಯಾಂಡ್ ಕಾಗದ ಬರೆಯಲು ನಾಲ್ಕು ದಿನ ಹಿಡಿಯಿತು. ಎಪ್ಪತ್ತು ಅಡಿ ಎಂದು ಬರೆದೆ. ತೂತಿನ ಒಳಸುತ್ತಿಗೆ ದಾರ ಇಟ್ಟು ಅಳೆದು, ಅಷ್ಟೇ ದೊಡ್ಡ ಸುತ್ತು ಎಳೆದೆ. ಬಲಗೈ ಎಂದು ಬರೆದೆ. ಎರಡನೇ ರೆಗ್ಯುಲೇಟರೇ ಇರಲಿ, ಆಳದಲ್ಲಿ ಉಸಿರು ಬಿಗಿಯಬಾರದು, ಕೆಸರು ತೆಗೆಯುವ ಹೊಣೆ ನನ್ನದು ಎಂದೂ ಬರೆದೆ. ನಾಲ್ಕನೆಯದಕ್ಕೆ ಎರಡು ಬೆರಳು ಜಾಗ ಬಿಟ್ಟು ಕಾಗದವನ್ನು ರಾಗಿ ಡಬ್ಬಿಯಲ್ಲಿಟ್ಟೆ. ಎಂಟು ತಿಂಗಳಿಂದ ಅದು ಅಲ್ಲೇ ಇತ್ತು.

ಕುಪ್ಪಸ್ವಾಮಿಯನ್ನು ನೇರವಾಗಿ ಕೇಳುವ ಹಾಗಿರಲಿಲ್ಲ. ನಮ್ಮಲ್ಲಿ ಅತ್ತೆ ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಏನಿದ್ದರೂ ಮಗಳ ಮೂಲಕ. ಕಂಟ್ರಾಕ್ಟರು ಪೈಪು ಎಸೆದು ಹೋದ ಸಂಜೆ ಅವನು ಜಗಲಿಯಲ್ಲಿ ಮುದ್ದೆಗೆ ಕೂತಿದ್ದ, ನಾನು ಬಾಗಿಲ ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದೆ, ಹೊಸ್ತಿಲಲ್ಲಿ ಯಲ್ಲಮ್ಮ.

“ಯಲ್ಲೀ, ನಿನ್ ಗಂಡನ್ನ ಕೇಳು. ಆ ಪೈಪು ಬ್ಯಾಡ, ಬೆನ್ನಿಗೆ ಗಾಳಿ ಬಾಟ್ಲಿ ಬೇಕು ಅಂತ ಕಂಟ್ರಾಕ್ಟರಿಗೆ ಏಳ್ದ್ರಾ ಅಂತ.”

ಅವನು ಕೂತದ್ದು ಎರಡು ಮಾರು ದೂರ. ಎಲ್ಲ ಕೇಳಿಸಿತ್ತು. ಆದರೂ ಯಲ್ಲಮ್ಮ ತಿರುಗಿ ಹೇಳುವವರೆಗೆ ಕಾದ.

“ನಿಮ್ಮವ್ವಂಗೆ ಏಳು, ಪೈಪೂ ಬ್ಯಾಡ, ಬಾಟ್ಲೀನೂ ಬ್ಯಾಡ. ಬಾಟ್ಲಿ ಕೊಡೋದು ಮೊಲೆ ಬಿಡಿಸಿದ ಮಕ್ಕಳಿಗೆ. ಎರಡೆಲೆ ದಮ್ಮಿನೋನು ಗಾಳಿ ಮೂಟೆ ಒತ್ಕೊಂಡ್ ಓದ ಅಂತ ಪರಿಸಲ್‌ನೋರೆಲ್ಲ ನಗ್ತಾರೆ.”

“ಪುಟ್ಟಪ್ಪಂದೂ ಎರಡೆಲೆ ಅಂತ ಏಳು.”

“ಮಾವ ಸಾಯೋ ವರ್ಷ ಬೀಡಿ ಜಾಸ್ತಿ ಮಾಡಿದ್ರು. ದಮ್ಮು ಇಳಿದಿತ್ತು.”

“ದಮ್ಮು ಇಳಿದಿದ್ರೆ ಬದುಕ್ತಿದ್ದ. ಕೆಳಗಿನ ಗಾಳಿ ಮೇಲೆ ಬರ್ತಾ ಉಬ್ತದೆ, ಅದನ್ನ ಕಟ್ಟಬಾರ್ದು ಅಂತ ಏಳು.”

ಯಲ್ಲಮ್ಮ ಸೌಟು ಹಿಡಿದು ಗಂಡನ ಕಡೆ ತಿರುಗಿದಳು. “ಅವ್ವ ಏಳ್ತಾಳೆ, ಗಾಳಿ ಕೆಳಗೆ ಸಣ್ಣಗಿರ್ತದಂತೆ, ಮೇಲೆ ದಪ್ಪಗಾಯ್ತದಂತೆ.”

“ದಪ್ಪಗಾದ್ರೆ ಒಳ್ಳೇದೇ. ಎದೆ ತುಂಬ್ತದೆ.”

“ಅಂಗಲ್ಲ ಅಂತ ಏಳೇ.”

“ನಾನೇನು ತಪಾಲ್ ಪೆಟ್ಟಿಗೆಯಾ ನಿಮ್ಮಿಬ್ರಿಗೂ?” ಅಂದಳು ಯಲ್ಲಮ್ಮ. “ನನ್ ಮುದ್ದೆ ಆರೋಗ್ತಾ ಐತೆ.”

ಎಂಟು ತಿಂಗಳಲ್ಲಿ ಇದೇ ಮಾತು ಎಷ್ಟು ಸಲ ಆಗಿತ್ತೋ. ಪ್ರತಿ ಸಲವೂ ನನ್ನ ಮಾತು ಹೊಸ್ತಿಲು ದಾಟುವುದರೊಳಗೆ ಬೇರೆಯಾಗುತ್ತಿತ್ತು. ಅವನ ಉತ್ತರ ಮಾತ್ರ ಇದ್ದಂತೆಯೇ ಬಂದು ಮುಟ್ಟುತ್ತಿತ್ತು.

ಭಾನುವಾರ ಕುರಿ ಕೊಯ್ಯುವವನ ಅಂಗಡಿ ಮುಂದೆ ಮಕ್ಕಳು ಕುರಿಯ ಉಚ್ಚೆಚೀಲವನ್ನು ಊದಿ ಕಟ್ಟಿ ಒದೆಯುತ್ತಿದ್ದವು. ನಮ್ಮ ತಾಯಿಯ ತವರು ಕುರಿ ಸಾಕುವವರದು. ನಾನೂ ಚಿಕ್ಕಂದಿನಲ್ಲಿ ಒದ್ದವಳೇ. ಆ ಹೊತ್ತು ನಿಂತು ನೋಡಿದೆ. ಒಂದು ಹೆಚ್ಚು ಊದಿ ಪಟ್ಟೆಂದಿತು. ಕೊಯ್ಯುವವನ ಹತ್ತಿರ ಮೂರು ಚೀಲ ಕೇಳಿ ತಂದು ಉಪ್ಪುನೀರಿನಲ್ಲಿ ನೆನೆಸಿ, ತಿಕ್ಕಿ, ಒಂದನ್ನು ಯಲ್ಲಮ್ಮನ ಕೈಗೆ ಕೊಟ್ಟೆ. ಏನು ಹೇಳಬೇಕೆಂದು ಎರಡು ಸಲ ಬಾಯಿಪಾಠ ಮಾಡಿಸಿದೆ.

“ನಾಳೆ ಕೆಳಗೆ ಓದಾಗ,” ಅಂದಳು ಅವಳು ಗಂಡನಿಗೆ, “ಮಾಸ್ಕಿಂದ ಗುಳ್ಳೆ ಓಗೋ ಜಾಗಕ್ಕೆ ಇದ್ರ ಬಾಯಿ ಇಡಿದು, ಗಾಳಿ ತುಂಬಿಸಿ, ಬಿಗಿಯಾಗಿ ದಾರ ಕಟ್ಟಿ, ಸೊಂಟಕ್ಕೆ ಸಿಕ್ಕಿಸ್ಕೊಂಡು ಮೇಲೆ ಬರ್ಬೇಕಂತೆ.”

“ಅರಕೆಯಾ?”

“ನಂಗೇನು ಗೊತ್ತು.”

ಹರಕೆ ಅಂತ ನಾನು ಹೇಳಲಿಲ್ಲ. ಅಲ್ಲ ಅಂತಲೂ ಹೇಳಲಿಲ್ಲ. ಹರಕೆಗೆ ಇಲ್ಲ ಅನ್ನುವವನಲ್ಲ ಅವನು.

ಮಾರನೇ ದಿನ ಬೆಳಿಗ್ಗೆ ಹಲಗೆಯ ಮೇಲೆ ಮಾಸ್ಕು ತೊಳೆಯುವ ನೀರಿನ ಬಕೆಟ್ಟು ಇಟ್ಟುಕೊಂಡು ಕೂತಿದ್ದೆ. ಬಿಸಿಲು ಆಗಲೇ ಎದುರಿನ ಪಾಲಮಲೆ ಬೆಟ್ಟಕ್ಕೆ ಬಿದ್ದಿತ್ತು. ಹಗ್ಗ ಹಿಡಿದವನು ನಿಧಾನವಾಗಿ ಎಳೆದ. ಕುಪ್ಪಸ್ವಾಮಿ ಮೇಲೆ ಬಂದು ಮಾಸ್ಕು ಕಳಚಿದ. ಸೊಂಟದಲ್ಲಿ ದಾರದ ಗಂಟು ಹಾಗೇ ಇತ್ತು. ಗಂಟಿನ ಕೆಳಗೆ ಬಿಳಿಯ ಚಿಂದಿ.

ಅವನು ಹಗ್ಗದವನಿಗೆ ಹೇಳಿದ, ನನಗೆ ಕೇಳಿಸಲೆಂದೇ: “ಕಂಬಿಗೆ ತಗ್ಲಿ ಅರೀತು.”

ಅಷ್ಟೇ. ಎಂಟು ತಿಂಗಳ ಮೇಲೆ ಒಂದು ಉಪಾಯ ಹೊಳೆದರೆ ಅದನ್ನೂ ಕಂಬಿ ತಿಂದಿತು. ಸುಮ್ಮನೆ ಬಕೆಟ್ಟಿನಿಂದ ಎರಡನೇ ಚೀಲ ತೆಗೆದು ಮಾಸ್ಕಿನ ಪಕ್ಕ ಇಟ್ಟೆ. ಅವನು ಅದನ್ನು ನೋಡಿದ, ನನ್ನನ್ನು ನೋಡಲಿಲ್ಲ. ಮಧ್ಯಾಹ್ನ ಎರಡನೇ ಸಲ ಇಳಿಯುವಾಗ ತೆಗೆದುಕೊಂಡ.

ಈ ಸಲ ಅವನು ಬರುವುದು ತಡವಾಯಿತು. ಮೂವತ್ತು ಅಡಿ ಗುರುತಿನ ಹತ್ತಿರ ಹಗ್ಗ ನಿಂತೇ ಹೋಯಿತು. ಎಳೆಯಬೇಡ ಎಂದು ಕೆಳಗಿನಿಂದ ಒಂದು ಜಗ್ಗು ಬಂತು. ಏನು ಮಾಡಿಟ್ಟೆನೋ ಅನಿಸಿತು. ಆಮೇಲೆ ಹಗ್ಗ ಮತ್ತೆ ಏರಿತು. ಗುಳ್ಳೆಗಳು ಬಿಡದೆ ಬರುತ್ತಿದ್ದವು, ಎಂದಿಗಿಂತ ಹೆಚ್ಚಾಗಿ. ಅವನು ಮೇಲೆ ಬಂದು ಹಲಗೆಯ ಅಂಚಿನಲ್ಲಿ ಕೂತ. ಹಗ್ಗದವನು ಕಂಪ್ರೆಸರ್ ನಿಲ್ಲಿಸಲು ಆ ಕಡೆ ಹೋದ. ನಮ್ಮಿಬ್ಬರ ನಡುವೆ ಯಲ್ಲಮ್ಮನೂ ಇರಲಿಲ್ಲ, ಹೊಸ್ತಿಲೂ ಇರಲಿಲ್ಲ.

“ಅತ್ತೆ,” ಅಂದ. ಮದುವೆಯಾಗಿ ಏಳು ವರ್ಷದಲ್ಲಿ ನನಗೇ ಆಡಿದ ಮೊದಲ ಮಾತು ಅದು. “ಈ ಸಲ ಕೈಯಲ್ಲೇ ಇಡ್ಕೊಂಡಿದ್ದೆ. ಗಾಜಿನ ಮುಂದೆ. ಕಣ್ಮುಂದೇನೇ ಉಬ್ಬಿ ಉಬ್ಬಿ ಒಡೀತು.”

ನಾನು ಮಾಸ್ಕಿನ ಮೇಲೆ ನೀರು ಹಾಕಿದೆ.

“ಪೂರ್ತಿ ತುಂಬಿರ್ಲಿಲ್ಲ,” ಅಂದ. “ಮುಕ್ಕಾಲೇ ತುಂಬಿದ್ದೆ.”

“ಪುಟ್ಟಪ್ಪ ಪೂರ್ತಿ ತುಂಬ್ಕೊಂಡಿದ್ದನಪ್ಪ,” ಅಂದೆ.

ಅವನು ಎದ್ದು ಹೋದ.

ಕಾಗದದ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಎರಡು ದಿನ ಅವನು ನನ್ನ ಕಡೆಯೂ ನೋಡಲಿಲ್ಲ, ಯಲ್ಲಮ್ಮನ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಪಳನಿಯಪ್ಪನ್ ಬಂದು ತನ್ನ ಎರಡನೇ ಪೈಪನ್ನು ತಾನೇ ನಿಂತು ಕಂಪ್ರೆಸರಿಗೆ ಜೋಡಿಸಿ, “ಈಗ ಡಬಲ್ ಸೇಫ್ಟಿ” ಅಂದು ಹೋದ. ಕುಪ್ಪಸ್ವಾಮಿ ತಲೆಯಾಡಿಸಿದ. ನನಗೆ ಬಕೆಟ್ಟನ್ನು ಇಬ್ಬರ ಮೇಲೂ ಸುರಿಯಬೇಕು ಅನಿಸಿತು. ಸುರಿಯಲಿಲ್ಲ, ಮಾಸ್ಕು ತೊಳೆದೆ, ಊದಿದೆ, ಹೀರಿದೆ.

ಮೂರನೇ ದಿನ ಬೆಳಿಗ್ಗೆ ಕುಪ್ಪಸ್ವಾಮಿ ಶೆಡ್ಡಿನ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ.

“ಕಾಗದ ಬರೆದಿಟ್ಟವ್ರೆ ಅಂತ ಯಲ್ಲಿ ಏಳಿದ್ಲು. ಎಲ್ಲೈತೆ?”

ಮನೆಗೆ ಹೋಗಿ ತಂದೆ. ಮಡಿಕೆಯಲ್ಲಿ ರಾಗಿ ಸೇರಿಕೊಂಡಿತ್ತು, ಕೊಡವಿದೆ. ಅವನಿಗೆ ಓದು ಬಾರದು, ನಾನೇ ಓದಿದೆ. ಆಳಕ್ಕೆ ತಲೆಯಾಡಿಸಿದ. ತೂತಿನ ಸುತ್ತಿನ ಮೇಲೆ ಬೆರಳಿಟ್ಟು ನೋಡಿದ. ರೆಗ್ಯುಲೇಟರಿನ ಸಾಲು ಕೇಳಿ, “ದಿನಾ ಕೆಸರು ತೆಗೀತೀರಾ ಅದ್ರೊಳಗಿಂದ?” ಅಂದ.

“ಈಗೇನು ಮಾಡ್ತಾ ಇವ್ನಿ?”

ಬಲಗೈ ಅನ್ನುವಲ್ಲಿಗೆ ಬಂದಾಗ ಕೈಯೆತ್ತಿ ನಿಲ್ಲಿಸಿದ.

“ಯಾರು ಏಳಿದ್ದು ಬಲಗೈ ಅಂತ?”

“ಎಲ್ರೂ ಬಲಗೈಲಿ ತಾನೆ ನಲ್ಲಿ ತಿರುಗಿಸೋದು?”

“ತೂಬಿನ ತಾವ ನೀರು ಒಳಕ್ಕೆ ಎಳೀತದೆ ಅತ್ತೆ. ಬಲಗೈ ಯಾವಾಗ್ಲೂ ಕಂಬಿ ಇಡ್ಕೊಂಡೇ ಇರ್ಬೇಕು. ಬಿಟ್ರೆ ಜಾಲರಿಗೆ ಅಂಟಿಸ್ಬಿಡ್ತದೆ. ಬಿಡುವಾಗಿರೋದು ಎಡಗೈ ಒಂದೇ. ನಲ್ಲಿ ಎಡಕ್ಕೆ.”

ಎಂಟು ತಿಂಗಳು ಕಾಪಾಡಿದ ಕಾಗದದಲ್ಲಿ ಮೂರನೇ ಉತ್ತರವೇ ತಪ್ಪಾಗಿತ್ತು. ಅವನ ಮಾತು ಕೇಳದೆ ತಪಾಲಿಗೆ ಹಾಕಿದ್ದರೆ ನಲ್ಲಿ ಅವನ ಕೈಗೆ ಸಿಗದ ಕಡೆ ಬಂದು ಕೂರುತ್ತಿತ್ತು. ಹಾಕಲಿಲ್ಲವೆಂದು ಪ್ರತಿ ರಾತ್ರಿ ನನ್ನನ್ನು ನಾನೇ ಬೈದುಕೊಂಡದ್ದೂ ನಿಜ. ಎರಡಕ್ಕೂ ಸಿಟ್ಟು ಬಂತು. ಬಲ ಎಂಬುದನ್ನು ಹೊಡೆದು ಎಡ ಎಂದು ಬರೆದೆ.

“ಇದೊಂದು ಜಾಗ ಖಾಲಿ ಐತೆ,” ಅಂದೆ. “ಇಳಿಯೋನು ಒಪ್ಪಿದಾನಾ ಅಂತ. ಏನು ಬರೀಲಿ?”

ಅವನು ಅಣೆಯ ಕಡೆ ನೋಡಿದ.

“ಒಪ್ಪಿದಾನೆ ಅಂತ ಬರೀರಿ.” ನಾನು ಪೆನ್ನು ಊರುವಷ್ಟರಲ್ಲಿ, “ಬರೀ ಒಪ್ಪಿದಾನೆ ಅಂತ ಬ್ಯಾಡ. ಎರಡೆಲೆ ದಮ್ಮಿನೋನು ಒಪ್ಪಿದಾನೆ ಅಂತ ಬರೀರಿ.”

ಬಿಟ್ಟ ಜಾಗ ಸಾಲಲಿಲ್ಲ. ಅಂಚಿಗೆ ಹತ್ತಿಸಿ ಬರೆದೆ.

“ಅದು ಬರೋವರ್ಗೂ ಮ್ಯಾಲಿನ ತೂಬಿನ ಜಾಲರಿಗೆ ಮಾತ್ರ ಇಳೀತೀನಿ,” ಅಂದ. “ಇಪ್ಪತ್ತಡಿ. ಕಂಟ್ರಾಕ್ಟರಿಗೆ ನಾನೇ ಏಳ್ಕೊಂತೀನಿ.”

“ಇಪ್ಪತ್ತಡಿಗೂ ತುಟಿ ಬಿಗೀಬಾರ್ದು.”

“ಗೊತ್ತು ಅತ್ತೆ. ಎಷ್ಟು ಸಲ ಏಳ್ತೀರಿ.”

ಒಂದೇ ಸಲ ಹೇಳಿದ್ದು ನಾನು. ಉಳಿದದ್ದೆಲ್ಲ ಯಲ್ಲಮ್ಮ ಹೇಳಿದ್ದು.

ನಾನು ಹೋಗುವಷ್ಟರಲ್ಲಿ ತಪಾಲಾಫೀಸಿನ ಲಕ್ಷ್ಮಣನ್ ಆಗಲೇ ಚೀಲದ ಬಾಯಿಗೆ ದಾರ ಸುತ್ತುತ್ತಿದ್ದ. ಹೊರಗೆ ಚೀಲ ಒಯ್ಯುವ ಬಸ್ಸು ಗುರುಗುಟ್ಟುತ್ತ ನಿಂತಿತ್ತು. ಕಾಗದ ತಿರುವಿ ನೋಡಿ ಹುಬ್ಬು ಗಂಟಿಕ್ಕಿದ.

“ಇದೇನಮ್ಮ, ವಿಳಾಸ ಕನ್ನಡದಲ್ಲಿ? ಕೊಚ್ಚಿಗೆ ಹೋಗೋದು. ಪಿನ್ ಕೋಡ್ ಎಲ್ಲಿ? ಈಗ ಅದೆಲ್ಲ ಬರೀಬೇಕು. ನಾಳೆ ಬಾ.”

“ನಾಳೆ ಬರಾಕಾಗಲ್ಲ ಸಾಮಿ. ನೀವೇ ಬರ್ಕೊಳ್ಳಿ.”

“ಬರೆದು ಎಷ್ಟು ದಿನ ಆಯ್ತು? ಕಾಗದದ ನೀಲಿ ಎಲ್ಲ ಮಾಸಿದೆ.”

“ಎಂಟು ತಿಂಗಳು.”

“ಎಂಟು ತಿಂಗಳು ಮನೇಲಿಟ್ಟುಕೊಂಡು ಈಗ ಬಸ್ಸು ನಿಲ್ಲಿಸು ಅಂತೀಯಾ.” ಗೊಣಗುತ್ತಲೇ ಪುಸ್ತಕ ಹುಡುಕಿದ, ನಂಬರು ಹುಡುಕಿದ, ನನ್ನ ಅಕ್ಷರಗಳ ಮೇಲೆ ಇಂಗ್ಲಿಷಿನಲ್ಲಿ ಗೀಚಿದ. ಕಂಡಕ್ಟರು ಎರಡು ಸಲ ಸೀಟಿ ಊದಿದ. ಲಕ್ಷ್ಮಣನ್ ಮುದ್ರೆ ಹೊಡೆದು, ಸುತ್ತಿದ ದಾರವನ್ನು ಮತ್ತೆ ಬಿಚ್ಚಿ, ಕಾಗದವನ್ನು ಚೀಲದೊಳಗೆ ಹಾಕಿ, ಮೊದಲಿನಿಂದ ಗಂಟು ಹಾಕಿದ.

ಬಸ್ಸು ಹೋಗುವವರೆಗೆ ನಿಂತಿದ್ದು, ಮಾಸ್ಕು ತೊಳೆಯಲು ವಾಪಸು ಬಂದೆ.